ಆನೆಗಳ ಕೂಟವೋ, ಆನೆಗಳ ಹಿಂಡೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ತೋಟಕ್ಕೆ ಕಾಡಾನೆ ಬಂದುದರ ಬಗ್ಗೆ ಬರೆಯಲು ಹೇಳಿದಾಗ ಐದನೆಯ ತರಗತಿಯ ಬಾಲಕಿಯೊಬ್ಬಳು ‘ಆನೆಗಳ ಕೂಟ ಬಂತು’ ಎಂದು ಬರೆದಳು. ನಾನು ‘ಹಿಂಡು’ ಎಂದು ತಿದ್ದಿದೆ. ‘ಕೂಟ ಎಂದರೂ ಸೇರುವುದೇ ಅಲ್ಲವೇ ಟೀಚರ್?’ ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಒಂದೊಂದು ಪ್ರಾಣಿಯ ಗುಂಪಿಗೂ ಕನ್ನಡದಲ್ಲಿ ಬೇರೆ ಬೇರೆ ಹೆಸರುಗಳಿವೆಯೇ?
(ಶಿಕ್ಷಕಿ, ಮುಳ್ಳೇರಿಯ)

ಉತ್ತರ: ತಾವು ತಿದ್ದಿದ್ದು ಸರಿ. ಆದರೆ ಆ ಮಗುವಿನ ಪ್ರಶ್ನೆಯೂ ಅಷ್ಟೇ ಸರಿಯಾದುದು. ಕಾಸರಗೋಡು ಜಿಲ್ಲೆಯ ಕಾರಡ್ಕ, ದೇಲಂಪಾಡಿ ಕಡೆಯ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆಯನ್ನಾಡುತ್ತ ಬೆಳೆಯುತ್ತಾರೆ. ಮಲಯಾಳದಲ್ಲಿ ‘ಆನಕ್ಕೂಟ್ಟಂ’ ಎಂಬುದು ಶುದ್ಧವಾದ ಮಾತು. ಬಾಲಕಿ ಅದನ್ನೇ ಕನ್ನಡದ ರೂಪಕ್ಕೆ ತಿರುಗಿಸಿ ಬರೆದಿದ್ದಾಳೆ. ಕನ್ನಡದ ‘ಕೂಟ’ ಮತ್ತು ಮಲಯಾಳದ ‘ಕೂಟ್ಟಂ’ ಒಂದೇ ಬೇರಿನವು. ಆಡು ಎಂಬುದರಿಂದ ಆಟ, ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ ಬಂದ ಹಾಗೆಯೇ ಕೂಡು ಎಂಬುದರಿಂದ ಕೂಟ ಬಂದಿದೆ. ಮಲಯಾಳದಲ್ಲಿ ಅವೇ ಆಟ್ಟಂ, ಓಟ್ಟಂ, ಕೂಟ್ಟಂ ಆಗಿವೆ.

ಹುಟ್ಟು ಒಂದೇ ಆದರೂ ಅವುಗಳ ಬಳಕೆ ಬೇರೆಯಾಗಿದೆ. ಮಲಯಾಳದ ಕೂಟ್ಟಂ ಆನೆಗೂ ಸಲ್ಲುತ್ತದೆ, ಬೀದಿಯಲ್ಲಿ ನೆರೆದ ಜನಕ್ಕೂ ಸಲ್ಲುತ್ತದೆ. ಕನ್ನಡದ ಕೂಟವಾದರೋ ಹೊತ್ತು ಗೊತ್ತು ಮಾಡಿಕೊಂಡು, ಒಂದು ಉದ್ದೇಶಕ್ಕಾಗಿ, ಮನಸ್ಸಿಟ್ಟು ಸೇರುವವರಿಗೆ ಮೀಸಲಾಗಿದೆ: ಔತಣಕೂಟ, ಸಂತೋಷಕೂಟ, ಒಕ್ಕೂಟ. ನಮ್ಮೂರಿನಲ್ಲಿ ‘ಇವತ್ತು ಆಟವೋ ಕೂಟವೋ?’ ಎಂದು ಕೇಳಿದರೆ, ವೇಷ ಕಟ್ಟಿ ಕುಣಿಯುವ ಬಯಲಾಟವೋ, ವೇಷವಿಲ್ಲದೆ ಕುಳಿತು ಅರ್ಥ ಹೇಳುವ ತಾಳಮದ್ದಳೆಯೋ ಎಂದೇ ಅರ್ಥ. ಜ್ಯೋತಿಷದ ಗ್ರಹಕೂಟ ಈ ಮಾತಿಗೆ ಹೊರತೆಂದು ತೋರಬಹುದು. 1962ರ ಫೆಬ್ರವರಿಯ ಅಷ್ಟಗ್ರಹಕೂಟವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆದರೆ ಗ್ರಹಗಳನ್ನು ನಮ್ಮವರು ಕಲ್ಲುಗುಂಡುಗಳೆಂದಲ್ಲ, ದೇವತೆಗಳೆಂದು ಭಾವಿಸಿದವರಾದುದರಿಂದ ಅಲ್ಲಿಯೂ ಕೂಟ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ತಮ್ಮ ಎರಡನೆಯ ಪ್ರಶ್ನೆ. ಸಿಂಹಕ್ಕೊಂದು, ಮೀನಿಗೊಂದು, ಕಾಗೆಗೊಂದು ಎಂದು ಪಟ್ಟಿ ಮಾಡಿ ಮಕ್ಕಳಿಂದ ಬಾಯಿಪಾಠ ಮಾಡಿಸುವ ಕ್ರಮ ಕನ್ನಡದ ಜಾಯಮಾನಕ್ಕೆ ಹೊಂದುವುದಿಲ್ಲ. ಸೇರಿದ್ದು ಯಾವುದು ಎಂಬುದಕ್ಕಿಂತ, ಹೇಗೆ ಸೇರಿತು ಎಂಬುದನ್ನೇ ನಮ್ಮ ಮಾತು ಹೆಚ್ಚಾಗಿ ಗಮನಿಸುತ್ತದೆ. ತಾವಾಗಿಯೇ ಜೊತೆಗೂಡಿ ತಿರುಗುವ ಆನೆ, ಜಿಂಕೆ, ಹಕ್ಕಿ, ಮೀನುಗಳೆಲ್ಲ ಹಿಂಡು. ಕಾಯುವವನೊಬ್ಬನಿದ್ದು, ರಾತ್ರಿ ಒಂದೆಡೆ ತಂಗುವ ಕುರಿಗಳು ಮಂದೆ. ಆದುದರಿಂದಲೇ ‘ಕುರಿಮಂದೆ’ ಕಿವಿಗೆ ಹಿತವೆನಿಸುತ್ತದೆ, ‘ಆನೆಮಂದೆ’ ಎನಿಸುವುದಿಲ್ಲ. ಒಂದರ ಹಿಂದೊಂದು ಹೋಗುವ ಇರುವೆಗಳು ಸಾಲು. ಕರೆದರೆ ಬರುವ ನಂಟರು ಬಳಗ. ಅಗುಳು ಕಂಡರೆ ತನ್ನವರನ್ನು ಕೂಗಿ ಕರೆಯುವ ಕಾಗೆಗೂ ಬಸವಣ್ಣನವರು ತಮ್ಮ ವಚನದಲ್ಲಿ ಆ ಬಳಗವನ್ನೇ ಕೊಟ್ಟಿದ್ದಾರೆ.

ಇದನ್ನು ತರಗತಿಯಲ್ಲಿ ವಿವರಿಸುವುದಕ್ಕಿಂತ ಮಕ್ಕಳನ್ನು ಶಾಲೆಯ ಪಕ್ಕದ ತೋಟಕ್ಕೆ ಕರೆದುಕೊಂಡು ಹೋಗುವುದು ಲೇಸು. ಒಂದೇ ದಂಟಿನಲ್ಲಿ ಮೂಡಿ ತೂಗುವ ಅಡಿಕೆ, ತೆಂಗು, ಬಾಳೆಗಳು ಗೊನೆ. ಬಾಳೆಗೊನೆಯಿಂದ ಕೊಯ್ದು ತೆಗೆದ ಒಂದು ಸುತ್ತು ಚಿಪ್ಪು. ದ್ರಾಕ್ಷಿ ಗೊಂಚಲಾಗಿ ಬಿಡುತ್ತದೆ. ಬೀಗದ ಕೈಗಳನ್ನು ನಾವೇ ಬಳೆಗೆ ಪೋಣಿಸಿದರೂ ಅವು ತೂಗುವ ರೀತಿಯನ್ನು ನೋಡಿ ಗೊಂಚಲೆಂದೇ ಕರೆದಿದ್ದೇವೆ. ಮನುಷ್ಯನ ಕೈ ಸೇರಿಸಿದವುಗಳಿಗೆ ಹೆಸರುಗಳು ಇನ್ನೂ ಹೆಚ್ಚು: ಬಿಗಿದು ಕಟ್ಟಿದ ಸೌದೆ ಕಟ್ಟು, ತಲೆಗೆ ಏರಿಸಿದ ಕೂಡಲೇ ಅದೇ ಹೊರೆ. ಬೈಹುಲ್ಲು ಸೂಡಿಯಾಗಿ ಗದ್ದೆಯಿಂದ ಬರುತ್ತದೆ, ಒಟ್ಟಿದರೆ ಬಣವೆಯಾಗುತ್ತದೆ. ಅಕ್ಕಿಯನ್ನು ಸುರಿದರೆ ರಾಶಿ, ಹುಲ್ಲಿನಲ್ಲಿ ಸುತ್ತಿ ಬಿಗಿದರೆ ಮುಡಿ. ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಚೆಂಡು. ಅಂಥ ನಾಲ್ಕು ಚೆಂಡುಗಳು ಒಂದು ಅಟ್ಟೆ. ಗದ್ದೆಗಳು ಕಡಿಮೆಯಾದಂತೆ ಸೂಡಿ, ಮುಡಿ ಎಂಬ ಮಾತುಗಳು ಮಕ್ಕಳ ಬಾಯಿಂದ ಮರೆಯಾಗುತ್ತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸಂಸ್ಕೃತದ ನಡೆ ಬೇರೆ. ಅಮರಕೋಶವು ಪಶುಗಳ ಗುಂಪನ್ನು ‘ಸಮಜ’ ಎಂದೂ, ಇತರರ ಗುಂಪನ್ನು ‘ಸಮಾಜ’ ಎಂದೂ ಒಂದೇ ದೀರ್ಘದಿಂದ ಬೇರ್ಪಡಿಸುತ್ತದೆ. ‘ಸಮಾಜ’ ಬರೆಯುವಾಗ ದೀರ್ಘವನ್ನು ಬಿಡುವ ಮಕ್ಕಳಿಗೆ ಇದನ್ನು ಹೇಳಿ ನೋಡಿ.

ಪ್ರಶ್ನೆ: ಕೇರಳ ಸರಕಾರದ ಮಹಿಳಾ ಯೋಜನೆಯಾದ ಕುಟುಂಬಶ್ರೀಯ ನಮ್ಮ ವಾರ್ಡಿನ ಗುಂಪಿನ ಕಾರ್ಯದರ್ಶಿ ನಾನು. ‘ಅಯಲ್ಕೂಟ್ಟಂ’ ಎಂಬ ಮಲಯಾಳದ ಹೆಸರನ್ನು ಕನ್ನಡದ ನೋಟೀಸಿನಲ್ಲಿ ಏನೆಂದು ಬರೆಯಬೇಕು? ‘ಮೇಳ’ ಎನ್ನಬಹುದೇ?
(ಓದುಗರು, ಬದಿಯಡ್ಕ)

ಉತ್ತರ: ‘ನೆರೆಕೂಟ’ ಎಂದು ಬರೆಯಿರಿ. 1998ರಲ್ಲಿ ಕುಟುಂಬಶ್ರೀ ಆರಂಭವಾದಂದಿನಿಂದ ಅಕ್ಕಪಕ್ಕದ ಮನೆಗಳ ಹತ್ತರಿಂದ ಇಪ್ಪತ್ತು ಮಂದಿ ಮಹಿಳೆಯರು ಸೇರಿ ಕಟ್ಟುವ ಗುಂಪೇ ಅದರ ತಳಪಾಯವಾಗಿದೆ. ಗೊತ್ತಾದ ದಿನ, ಗೊತ್ತಾದ ಕೆಲಸಕ್ಕೆ ಸೇರುವುದರಿಂದ, ಮೇಲೆ ಹೇಳಿದ ಕನ್ನಡದ ಅರ್ಥದಲ್ಲಿಯೂ ಅದು ಕೂಟವೇ ಸರಿ. ಇನ್ನು ‘ನೆರೆ’ ಎಂಬುದಂತೂ ಇಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಪಕ್ಕದ ಮನೆಯೂ ನೆರೆ, ಒಟ್ಟುಗೂಡುವುದೂ ನೆರೆಯುವುದು. ಹಳಗನ್ನಡದಲ್ಲಿ ಸೇರಿದ ಜನಕ್ಕೆ ‘ನೆರವಿ’ ಎಂಬ ಹೆಸರಿತ್ತು.

ಮೇಳ ಎಂಬುದು ಬೇಡ. ಸೇರು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಈ ಶಬ್ದವು ನಮ್ಮ ಜಿಲ್ಲೆಯಲ್ಲಿ ಕೇಳುವವರಿಗೆ ತಕ್ಕಂತೆ ಬೇರೆ ಬೇರೆ ಚಿತ್ರಗಳನ್ನು ತರುತ್ತದೆ. ಕುಂಬಳೆಯ ಕನ್ನಡಿಗರಿಗೆ ಮೇಳವೆಂದರೆ ಯಕ್ಷಗಾನದ ತಂಡ: ಭಾಗವತರು, ಚೆಂಡೆ ಮದ್ದಳೆಯವರು ಹಿಮ್ಮೇಳ, ವೇಷಧಾರಿಗಳು ಮುಮ್ಮೇಳ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಮೇಳವೆಂಬುದು ಪಂಚಾರಿ, ಪಾಂಡಿ ಮುಂತಾದ ಚೆಂಡೆಯ ವಾದನವೇ ಆಗಿಬಿಡುತ್ತದೆ. ಎರಡರಲ್ಲಿಯೂ ಒಬ್ಬರ ಕೆಲಸ ಇನ್ನೊಬ್ಬರದಕ್ಕೆ ಹೊಂದಿ ಬೆರೆಯಬೇಕು. ಮೇಳೈಸುವುದು ಎಂದರೆ ಅದೇ. ಪುಸ್ತಕ ಮೇಳ, ಉದ್ಯೋಗ ಮೇಳ ಎಂಬ ಇತ್ತೀಚಿನ ಪ್ರಯೋಗಗಳಲ್ಲಿ ಆ ಹೊಂದಾಣಿಕೆಯ ಅರ್ಥ ಉಳಿದಿಲ್ಲ.

ಪ್ರಶ್ನೆ: ‘ಎರಡು ಜನ ಬಂದರು’, ‘ಇಬ್ಬರು ಬಂದರು’: ಯಾವುದು ಸರಿ?
(ವಿದ್ಯಾರ್ಥಿ, ಹೊಸಂಗಡಿ)

ಉತ್ತರ: ಆಡುಮಾತಿನಲ್ಲಿ ಎರಡೂ ನಡೆಯುತ್ತವೆ. ಬರವಣಿಗೆಯಲ್ಲಿ ‘ಇಬ್ಬರು’ ಎಂದೇ ಬರೆಯಿರಿ. ವಸ್ತುಗಳನ್ನು ಎಣಿಸುವುದಕ್ಕೆ ಎರಡು, ಮೂರು, ನಾಲ್ಕು. ಮನುಷ್ಯರನ್ನು ಎಣಿಸುವುದಕ್ಕೆ ಇಬ್ಬರು, ಮೂವರು, ನಾಲ್ವರು, ಐವರು ಎಂಬ ಬೇರೆಯೇ ಮಾತುಗಳಿರುವುದು ಕನ್ನಡದ ಸಂಪತ್ತು. ಈಗ ಆರರಿಂದ ಮುಂದಕ್ಕೆ ‘ಆರು ಮಂದಿ’, ‘ಏಳು ಜನ’ ಎನ್ನುವುದೇ ರೂಢಿ. ಹಿಂದೆ ಈ ಎಣಿಕೆ ಬಹು ದೂರದವರೆಗೆ ಹೋಗುತ್ತಿತ್ತು. ಕೌರವರು ನೂರ್ವರು, ಐಹೊಳೆಯ ಹೆಸರಿನಲ್ಲಿ ದೂರ ದೂರದ ನಾಡುಗಳಲ್ಲಿ ವ್ಯಾಪಾರ ನಡೆಸಿದ ವರ್ತಕರ ಸಂಘವನ್ನು ಶಾಸನಗಳು ‘ಅಯ್ಯಾವೊಳೆ ಐನೂರ್ವರು’ ಎಂದು ಕರೆದಿವೆ.