ಓದುಗರ ಪ್ರಶ್ನೆ: ಗವಾನ್ ಮದರಸಾದ ಪುಸ್ತಕಗಳು, ನಾಗಾವಿಯ ಓಲೆಗಳು

ಪ್ರಶ್ನೆ: ಬೀದರ್‌ನ ಮಹಮೂದ್ ಗವಾನ್ ಮದರಸಾದಲ್ಲಿ ಮದ್ದು ಸಿಡಿದಾಗ 3000 ಪುಸ್ತಕ ಸುಟ್ಟು ಬೂದಿಯಾದವು ಅಂತ ಗೈಡ್ ಹೇಳಿದರು. ಖರೇನಾ? (ಹುಮನಾಬಾದ್)

ಉತ್ತರ: ಸ್ಫೋಟ ಖರೆ, ಪುಸ್ತಕದ ಕಥೆ ನಂಬಲು ಕಷ್ಟ. ಮದರಸಾ ಕಟ್ಟಿದ್ದು 1472ರಲ್ಲಿ. ಬಹಮನಿ ಸುಲ್ತಾನ ಮೂರನೇ ಮುಹಮ್ಮದ್ ಶಾಹ ತನ್ನ ಮಂತ್ರಿಯಾಗಿದ್ದ ಗವಾನನ ತಲೆ ತೆಗೆಸಿದ್ದು 1481ರಲ್ಲಿ. ಸ್ಫೋಟವಾದದ್ದು 1696ರಲ್ಲಿ, ಮೊಗಲರ ಕಾಲಕ್ಕೆ. ನಡುವಿನ 215 ವರ್ಷಗಳಲ್ಲಿ ಬಹಮನಿಗಳು ಅಳಿದು ಬರೀದ್ ಶಾಹಿಗಳು ಬಂದರು, ಅವರಾದ ಮೇಲೆ ಬಿಜಾಪುರದವರು. ಮೊಗಲರ ಕೈಗೆ ಬಂದ ಮೇಲೆ ಕಟ್ಟಡದ ಒಂದು ಭಾಗ ಮದ್ದಿನ ಉಗ್ರಾಣವಾಯಿತು, ಇನ್ನೊಂದು ಭಾಗ ಕುದುರೆ ದಂಡಿನ ಬಿಡಾರ. ಮದ್ದಿನ ಮಗ್ಗುಲಲ್ಲಿ ಯಾರು ಗ್ರಂಥಭಂಡಾರ ಇಟ್ಟುಕೊಂಡಾರು?

ಸಿಡಿಲು ಬಡಿದು ಬಿತ್ತು ಎನ್ನುವವರೂ ಇದ್ದಾರೆ. ಮದ್ದಿಗೆ ಸಿಡಿಲೇ ಕಿಡಿ ಕೊಟ್ಟಿದ್ದರೆ ಎರಡು ಮಾತೂ ಸರಿಯೇ. ದಪ್ಪ ಗೋಡೆಯ, ಕಮಾನು ಮುಚ್ಚಿದ ಕೋಣೆಯಲ್ಲಿ ಮದ್ದು ಹೊತ್ತಿದರೆ ಹೊಗೆಗೆ ಹೊರದಾರಿ ಇಲ್ಲ, ಗೋಡೆಯೇ ಹೊರಕ್ಕೆ ಸರಿಯಬೇಕು. ಕಮಾನು ನಿಲ್ಲುವುದು ಅಕ್ಕಪಕ್ಕದ ಒತ್ತಿನಿಂದ. ಒಂದು ಜಾರಿದರೆ ಸಾಲೇ ಕೂರುತ್ತದೆ. ಪೂರ್ವದ ಮಹಾದ್ವಾರ, ದಕ್ಷಿಣದ ಭಾಗ, ಆ ಮೂಲೆಯ ಮಿನಾರು ಹೋದದ್ದು ಹೀಗೆ.

ಪ್ರಶ್ನೆ: ಅಷ್ಟು ಹಸ್ತಪ್ರತಿಗಳಿಗೆ ಜಾಗ ಎಲ್ಲಿತ್ತು? ಒಳಗೆ ಕಪಾಟಿನ ಗುರುತೇ ಇಲ್ಲ. (ಆಳಂದ)

ಉತ್ತರ: ಈಗಿನ ಗ್ರಂಥಾಲಯದ ಕಣ್ಣಿನಿಂದ ನೋಡಿದರೆ ಗುರುತು ಸಿಗುವುದಿಲ್ಲ. ಆ ಕಾಲದ ಪಾರಸಿ, ಅರಬ್ಬಿ ಪುಸ್ತಕಗಳನ್ನು ನಿಲ್ಲಿಸುತ್ತಿರಲಿಲ್ಲ, ಮಲಗಿಸುತ್ತಿದ್ದರು. ಕಾರಣ ಕಟ್ಟಿನಲ್ಲಿದೆ. ನಮ್ಮ ಈಗಿನ ಗಟ್ಟಿ ರಟ್ಟು ಹಾಳೆಗಿಂತ ತುಸು ಆಚೆ ಚಾಚಿರುತ್ತದೆ, ನಿಲ್ಲಿಸಿದರೆ ಭಾರ ರಟ್ಟಿನ ಮೇಲೆ ಬೀಳುತ್ತದೆ. ಆ ಪುಸ್ತಕಗಳ ರಟ್ಟು ಹಾಳೆಗಳ ಅಂಚಿಗೆ ಸರಿಸಮ. ನಿಲ್ಲಿಸಿದರೆ ಹಾಳೆಯ ಅಂಚೇ ನೆಲಕ್ಕೆ ಉಜ್ಜಿ ಸವೆಯುತ್ತದೆ, ಬೆನ್ನಿನ ಹೊಲಿಗೆ ಜೋಲುತ್ತದೆ. ಎಡರಟ್ಟಿನಿಂದ ಬರುವ ಒಂದು ಮಡಿಕೆ ತೆರೆಯುವ ಬದಿಯನ್ನು ಮುಚ್ಚಿ ದೂಳು ತಡೆಯುತ್ತಿತ್ತು. ಹೆಸರು ಬರೆಯುತ್ತಿದ್ದದ್ದು ಹಾಳೆಗಳ ಕೆಳ ಅಂಚಿನ ಮೇಲೆ, ಶಾಯಿಯಲ್ಲಿ.

ಇನ್ನು ಲೆಕ್ಕ. 3000 ಎಂಬುದು ಪರಂಪರೆಯಿಂದ ಬಂದ ಸಂಖ್ಯೆ, ಅದನ್ನೇ ಹಿಡಿಯೋಣ. ಒಂದೊಂದು 4 ಸೆಂ.ಮೀ. ದಪ್ಪ ಎಂದಿಟ್ಟುಕೊಂಡರೆ ಹತ್ತರ ಅಟ್ಟಿ 40 ಸೆಂ.ಮೀ. ಎತ್ತರವಾಗುತ್ತದೆ. ಅದಕ್ಕಿಂತ ಎತ್ತರ ಪೇರಿಸಿದರೆ ತಳದ ಪುಸ್ತಕ ತೆಗೆಯುವುದೇ ರಗಳೆ. ಒಟ್ಟು 300 ಅಟ್ಟಿ. ಗೋಡೆಯ ಗೂಡಿಗೆ ಮೂರರಂತೆ ಇಟ್ಟರೆ 100 ಗೂಡು ಸಾಕು. 205 ಅಡಿ ಉದ್ದ, 180 ಅಡಿ ಅಗಲ, ಮೂರಂತಸ್ತಿನ ಕಟ್ಟಡಕ್ಕೆ ಇದೇನು ಮಹಾ!

ಜಾಗಕ್ಕಿಂತ ದೊಡ್ಡ ತಲೆನೋವು ಹುಳ. ಬರೆಯುವ ಕಾಗದಕ್ಕೆ ಗಂಜಿ ಬಳಿದು ಕಲ್ಲಿನಿಂದ ತಿಕ್ಕಿ ನುಣುಪು ಮಾಡುತ್ತಿದ್ದರು. ಲೇಖನಿ ಸರಾಗ ಓಡುತ್ತಿತ್ತು, ಆದರೆ ಆ ಗಂಜಿಯೇ ಬೆಳ್ಳಿಹುಳಕ್ಕೆ ಊಟ. ಅದಕ್ಕೇ ಹಲವು ಹಸ್ತಪ್ರತಿಗಳ ಮೊದಲ ಪುಟದಲ್ಲಿ ‘ಯಾ ಕಬೀಕಜ್’ ಎಂಬ ಮೊರೆ ಕಾಣುತ್ತದೆ. ಕಬೀಕಜ್ ಎಂದರೆ ಜಿರಲೆಗಳ ರಾಜ, ಅವನ ಹೆಸರು ಕಂಡರೆ ಹುಳ ಮುಟ್ಟುವುದಿಲ್ಲ ಎಂಬ ನಂಬಿಕೆ. ಆ ಮೊರೆಯನ್ನೇ ಹುಳ ತೂತು ಮಾಡಿದ ಪ್ರತಿಗಳೂ ಇವೆ, ಬಿಡಿ.

ಪ್ರಶ್ನೆ: ಕಟ್ಟಿದ ವರ್ಷ ಒಂದು ಪ್ರಾರ್ಥನೆಯಲ್ಲಿ ಅಡಗಿದೆಯಂತೆ, ಹೇಗೆ? (ಶಹಾಪುರ)

ಉತ್ತರ: ಸಾಮಿ ಎಂಬ ಕವಿ ಕುರಾನಿನ ‘ರಬ್ಬನಾ ತಕಬ್ಬಲ್ ಮಿನ್ನಾ’ (ಪ್ರಭುವೇ, ನಮ್ಮಿಂದ ಇದನ್ನು ಸ್ವೀಕರಿಸು) ಎಂಬ ಮಾತನ್ನು ಆರಿಸಿದ. ಅಬ್ಜದ್ ಲೆಕ್ಕದಲ್ಲಿ ಪ್ರತಿ ಅರಬ್ಬಿ ಅಕ್ಷರಕ್ಕೆ ಒಂದು ಬೆಲೆ. ಮೊದಲ ಪದ 253, ಎರಡನೆಯದು 532, ಮೂರನೆಯದು 91. ಕೂಡಿದರೆ ಹಿಜರಿ 876. ಅದು 1471ರ ಜೂನ್‌ನಿಂದ 1472ರ ಜೂನ್‌ವರೆಗೆ. ಒತ್ತಕ್ಷರವನ್ನು ಎರಡು ಸಲ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಬರೆದದ್ದು ಒಂದೇ ಅಕ್ಷರ, ಎಣಿಕೆಯೂ ಒಂದೇ.

ಪ್ರಶ್ನೆ: ಉಳಿದ ಮಿನಾರಿನ ಬಣ್ಣದ ಟೈಲ್ಸ್ ಅಲ್ಲಲ್ಲಿ ಉದುರಿರುವುದೇಕೆ? (ಭಾಲ್ಕಿ)

ಉತ್ತರ: ಟೈಲ್ಸಿನ ಮೆರುಗು ನೀರು ಹೀರುವುದಿಲ್ಲ, ಹಿಂದಿನ ಸುಣ್ಣದ ಗಾರೆ ಹೀರುತ್ತದೆ. ಮಳೆನೀರು ಸಂದಿಯಿಂದ ಒಳಗಿಳಿದರೆ ಮುಂದಿನಿಂದ ಆರಲು ದಾರಿಯಿಲ್ಲ. ನೀರು ಆರಿದಾಗ ಅದರಲ್ಲಿನ ಉಪ್ಪು ಹರಳುಗಟ್ಟಿ ಟೈಲ್ಸನ್ನು ಹಿಂದಿನಿಂದ ನೂಕುತ್ತದೆ. ಒಂದು ಬಿದ್ದರೆ ಪಕ್ಕದ್ದರ ಅಂಚು ಬಯಲಾಗುತ್ತದೆ, ಹಾಗಾಗಿ ತೇಪೆ ತೇಪೆಯಾಗಿ ಹೋಗುತ್ತದೆ. ಸಿಮೆಂಟ್ ಮೆತ್ತಿದರೆ ಇನ್ನೂ ಕೆಡುಕು, ತೇವ ಒಳಗೇ ಉಳಿಯುತ್ತದೆ. ನೋಡಲು ಬೆಳಿಗ್ಗೆ ಹೋಗಿ, ಮುಂಗಟ್ಟು ಪೂರ್ವಕ್ಕಿದೆ.

ಪ್ರಶ್ನೆ: ನಾಗಾವಿಯಲ್ಲಿ ಇನ್ನೂ ಹಳೆಯ ಗ್ರಂಥಾಲಯ ಇತ್ತಂತೆ. ನಮ್ಮ ಮನೆಯಲ್ಲೂ ಒಂದು ಓಲೆಕಟ್ಟು ಇದೆ, ಕಾಪಾಡುವುದು ಹೇಗೆ? (ಚಿತ್ತಾಪುರ)

ಉತ್ತರ: ನಿಮ್ಮೂರ ಮಗ್ಗುಲಲ್ಲೇ ಇದೆ, ಅರವತ್ತು ಕಂಬದ ಗುಡಿಯ ನಾಗಾವಿ. ಕಲ್ಯಾಣ ಚಾಲುಕ್ಯರ ಕಾಲದ 1058ರ ಶಾಸನದಲ್ಲಿ ಅಲ್ಲಿನ ಘಟಿಕಾಸ್ಥಾನದ (ಉನ್ನತ ವಿದ್ಯಾಕೇಂದ್ರದ) ವಿವರವಿದೆ: ವೇದ ಓದುವವರು 200, ಶಾಸ್ತ್ರ ಓದುವವರು 52, ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಆರು ಮಂದಿ ಹೆಚ್ಚೇನಲ್ಲ. ಓಲೆ ಒಣಗಿದರೆ ಮುರಿಯುತ್ತದೆ, ತೇವಕ್ಕೆ ಬೂಸು ಹಿಡಿಯುತ್ತದೆ, ಸವೆದದ್ದನ್ನು ಹೊಸ ಗರಿಗೆ ಇಳಿಸುತ್ತಲೇ ಇರಬೇಕು.

ನಿಮ್ಮ ಕಟ್ಟನ್ನು ಬಿಸಿಲಿಗೆ ಹಾಕಬೇಡಿ. ಮೆತ್ತನೆಯ ಒಣ ಬ್ರಷ್‌ನಿಂದ ಓಲೆಯ ಉದ್ದಕ್ಕೆ ದೂಳು ತೆಗೆಯಿರಿ. ಹಳೆಯ ಹುರಿಯನ್ನು ಎಳೆಯದೆ ಕತ್ತರಿಸಿ, ಸಡಿಲವಾಗಿ ಮೆತ್ತನೆಯ ಹತ್ತಿದಾರ ಪೋಣಿಸಿ. ಬಿಗಿ ಹುರಿ ತೂತಿನಿಂದ ಅಂಚಿನವರೆಗೆ ಓಲೆ ಸೀಳುತ್ತದೆ. ಮೇಲೆ ಕೆಳಗೆ ಓಲೆಯಳತೆಯ ಹಲಗೆ ಇಟ್ಟು, ತೊಳೆದು ಒಣಗಿಸಿದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ. ಫೆವಿಕಾಲ್, ಸೆಲೋಟೇಪ್, ಲ್ಯಾಮಿನೇಷನ್ ಮೂರೂ ಬೇಡ. ಕಂಠದಿಂದ (ಓಲೆ ಕೊರೆಯುವ ಮೊನೆಯ ಲೇಖನಿಯಿಂದ) ಕೊರೆದ ಅಕ್ಷರ ಮಸುಕಾಗಿದ್ದರೆ ದೀಪದ ಕಾಡಿಗೆ ಸವರಿ, ಹತ್ತಿಯಿಂದ ಒರೆಸಿ, ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ತೆಳುವಾಗಿ ಹಚ್ಚಬಹುದು. ಅಕ್ಷರ ಕೊರೆದದ್ದೋ ಶಾಯಿಯದೋ ಎಂದು ಮೊದಲು ಭೂತಗನ್ನಡಿಯಲ್ಲಿ ನೋಡಿಕೊಳ್ಳಿ. ಶಾಯಿಯದಾದರೆ ಎಣ್ಣೆ ಮುಟ್ಟಿಸಲೇಬೇಡಿ, ಅಕ್ಷರ ಕದಡಿಹೋಗುತ್ತದೆ.