ಸಿಂಫನಿಯ ಮೆಲ್ಲಗಿನ ಭಾಗ ಕೇಳಿಸುವುದೇ ಇಲ್ಲ, ಯಾವ ರೆಕಾರ್ಡಿಂಗ್ ತಗೊಳ್ಳಲಿ?

ಪ್ರಶ್ನೆ: ಈಚೆಗೆ ಪಾಶ್ಚಾತ್ಯ ಸಿಂಫನಿಗಳನ್ನು ಕೇಳಲು ಶುರು ಮಾಡಿದ್ದೇನೆ. ಮೆಲ್ಲಗೆ ನುಡಿಸುವಾಗ ಏನೂ ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಎರಡೇ ನಿಮಿಷಕ್ಕೆ ಕಿವಿ ಗಡಚಿಕ್ಕುತ್ತದೆ. ಒಂದೊಂದು ಕೃತಿಗೂ ಹತ್ತಾರು ರೆಕಾರ್ಡಿಂಗ್ ಇವೆ. ಹೊಸದನ್ನೇ ಆರಿಸಿಕೊಂಡರೆ ಸರಿಹೋಗುತ್ತದಾ?

ಉತ್ತರ: ಹೊಸದು ತಗೊಂಡರೆ ನಿಮ್ಮ ತೊಂದರೆ ಜಾಸ್ತಿಯೇ ಆಗಬಹುದು! ಸಿಂಫನಿಯ ಸ್ವಭಾವವೇ ಹಾಗೆ. ಸಂಗೀತ ರಚನಕಾರ ಮಾಹ್ಲರ್‌ನ ಮೊದಲ ಸಿಂಫನಿ ಕೇಳಿಸಿಯೂ ಕೇಳಿಸದಂಥ ಒಂದೇ ಸ್ವರದಿಂದ ಶುರುವಾಗುತ್ತದೆ. ಕೊನೆಗೆ ಹಾರ್ನ್ ವಾದಕರೆಲ್ಲ ಎದ್ದು ನಿಂತು ಊದುತ್ತಾರೆ. ಮೆಲುದನಿಗೂ ಜೋರುದನಿಗೂ ಇರುವ ಈ ಅಂತರವನ್ನು ಸಿ.ಡಿ. ಸುಮಾರು 96 ಡೆಸಿಬೆಲ್‌ವರೆಗೂ (ಡೆಸಿಬೆಲ್ ಅಂದರೆ ಸದ್ದಿನ ಅಳತೆ) ಹಿಡಿದಿಡಬಲ್ಲದು. ನಿಮ್ಮ ಕೋಣೆಗೆ ಅದು ಆಗುವುದಿಲ್ಲ. ಫ್ಯಾನ್ ಸದ್ದು, ರಸ್ತೆಯ ಸದ್ದು ಮೆಲುದನಿಯನ್ನೆಲ್ಲ ನುಂಗಿಬಿಡುತ್ತವೆ.

ಹಾಗಾಗಿ ವಾದ್ಯವೃಂದ ನಡೆಸುವ ಕಂಡಕ್ಟರ್ ಹೆಸರು ನೋಡುವ ಮೊದಲು, ಎಲ್ಲಿ ಕೂತು ಕೇಳುತ್ತೀರಿ ಅಂತ ಯೋಚಿಸಿ. ಕಂಡಕ್ಟರ್ ಆಸ್ಮೋ ವ್ಯಾನ್‌ಸ್ಕಾ ಮಿನೆಸೋಟಾ ಆರ್ಕೆಸ್ಟ್ರಾ ಜೊತೆ ಬಿಸ್ ರೆಕಾರ್ಡಿಂಗ್ ಕಂಪನಿಗೆ ಮಾಡಿದ ಬೀಥೋವನ್ ಸಿಂಫನಿಗಳ ಧ್ವನಿ ಬಹಳ ಸ್ವಚ್ಛ. ಆದರೆ ಅಲ್ಲಿನ ಪಿಸುದನಿ ನಿಜವಾಗಿಯೂ ಪಿಸುದನಿಯೇ. ರಾತ್ರಿ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಸ್ವರ್ಗ, ಹಗಲು ಸ್ಪೀಕರ್‌ನಲ್ಲಿ ಬರೀ ಕಿರಿಕಿರಿ.

ಹಗಲಿಗೆ ನಾನು ಹೇಳುವುದು 1950ರ ದಶಕದ ಕೊನೆಯಿಂದ 70ರ ದಶಕದವರೆಗಿನ ಸ್ಟೀರಿಯೋ ರೆಕಾರ್ಡಿಂಗ್‌ಗಳನ್ನು. ಆಗಿನ ಟೇಪ್‌ಗೆ ಅಷ್ಟು ದೊಡ್ಡ ಅಂತರ ಹಿಡಿಸುತ್ತಿರಲಿಲ್ಲ. ಎಂಜಿನಿಯರ್‌ಗಳು ಅದನ್ನು ಜಾಣತನದಿಂದ ಸ್ವಲ್ಪ ಕಿರಿದು ಮಾಡುತ್ತಿದ್ದರು. ಮನೆಯಲ್ಲಿ ಕೇಳುವವರಿಗೆ ಅದೇ ಅನುಕೂಲ. ಇಸ್ತ್ವಾನ್ ಕರ್ಟೆಸ್ 1961ರಲ್ಲಿ ವಿಯೆನ್ನಾ ಫಿಲ್ಹಾರ್ಮೊನಿಕ್ ಜೊತೆ ಡೆಕ್ಕಾ ಕಂಪನಿಗೆ ಮಾಡಿದ ದ್ವೊರ್ಜಾಕ್‌ನ ಒಂಬತ್ತನೇ ಸಿಂಫನಿ ಕೇಳಿ. ಬಾಸ್ಟನ್ ಸಿಂಫನಿ ಜೊತೆ ಶಾರ್ಲ್ ಮ್ಯೂಂಷ್ 1959ರಲ್ಲಿ ಮಾಡಿದ ಸಾಂ-ಸಾನ್ಸ್‌ನ ಆರ್ಗನ್ ಸಿಂಫನಿ ಇನ್ನೊಂದು. ಒಳ್ಳೆಯ ಸಭಾಂಗಣ, ಸರಿಯಾದ ಜಾಗದಲ್ಲಿ ಕೆಲವೇ ಮೈಕ್. ಅಷ್ಟರಿಂದಲೇ ಎಂಥ ಧ್ವನಿ ಬಂತು ನೋಡಿ. ಹಿನ್ನೆಲೆಯಲ್ಲಿ ಟೇಪ್‌ನ ಸಣ್ಣ ಸುಯ್ ಸದ್ದು ಇರುತ್ತದೆ, ಐದು ನಿಮಿಷಕ್ಕೆ ಮರೆತುಹೋಗುತ್ತದೆ. ಅದಕ್ಕಿಂತ 1980ರ ದಶಕದ ಮೊದಮೊದಲ ಡಿಜಿಟಲ್ ರೆಕಾರ್ಡಿಂಗ್‌ಗಳೇ ನನಗೆ ಕಷ್ಟ. ಎಷ್ಟೋ ಕಡೆ ಪಿಟೀಲುಗಳು ಕಿವಿಗೆ ಚುಚ್ಚುತ್ತವೆ.

ಇನ್ನು ಹೋಲಿಸಿ ನೋಡುವುದು. ಬೀಥೋವನ್‌ನ ಐದನೇ ಸಿಂಫನಿಯನ್ನು ಹಿಡಿಯಿರಿ, ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಸ್ವರ ಬೇಡ. ಮೂರನೇ ಭಾಗದ ನಡುವೆ ತಗ್ಗು ಸ್ವರದ ದೊಡ್ಡ ತಂತಿವಾದ್ಯಗಳಾದ ಚೆಲ್ಲೋ ಮತ್ತು ಡಬಲ್ ಬಾಸ್‌ಗಳು ಅವಸರದಿಂದ ಓಡುತ್ತವೆ. ಒಂದೊಂದು ಸ್ವರವೂ ಬಿಡಿಯಾಗಿ ಕೇಳುತ್ತದಾ, ಅಥವಾ ಬರೀ ಗುಡುಗುಡು ಅನ್ನುತ್ತದಾ? ಆ ಭಾಗದ ಕೊನೆಯಲ್ಲಿ ಟಿಂಪನಿ ಎಂಬ ದೊಡ್ಡ ನಗಾರಿ ತೀರಾ ಮೆಲ್ಲಗೆ ಬಡಿಯುತ್ತಿರುತ್ತದೆ. ಅಲ್ಲಿಂದ ನಿಲ್ಲದೆ ನಾಲ್ಕನೇ ಭಾಗ ಸಿಡಿಯುತ್ತದೆ. ಟ್ರಂಬೋನ್, ಪಿಕೊಲೋ ಮತ್ತು ಕಾಂಟ್ರಾಬಸೂನ್ ಎಂಬ ಊದುವ ವಾದ್ಯಗಳು ಈ ಸಿಂಫನಿಯಲ್ಲಿ ಮೊದಲ ಸಲ ಸೇರಿಕೊಳ್ಳುವುದು ಇಲ್ಲೇ. ಒಳ್ಳೆಯ ರೆಕಾರ್ಡಿಂಗ್‌ನಲ್ಲಿ ಧ್ವನಿ ಅಗಲವಾಗಿ ತೆರೆದುಕೊಳ್ಳುತ್ತದೆ. ಸಾಧಾರಣದ್ದರಲ್ಲಿ ಎಲ್ಲ ಕಲಸಿ ಮುದ್ದೆಯಾಗುತ್ತದೆ. ವಿಯೆನ್ನಾ ಫಿಲ್ಹಾರ್ಮೊನಿಕ್ ಜೊತೆ 1974ರಲ್ಲಿ ಕಾರ್ಲೋಸ್ ಕ್ಲೈಬರ್ ಮಾಡಿದ್ದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಹೋಲಿಸುವಾಗ ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳುವುದು ಮುಖ್ಯ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸಹೋಗುತ್ತದೆ.

ಆ್ಯಪ್‌ನಲ್ಲಿ ಕೇಳುವವರಾದರೆ ಟ್ರ್ಯಾಕ್‌ಗಳ ನಡುವೆ ಬಿಡುವು ಬಾರದಂಥ ಸೆಟ್ಟಿಂಗ್ ಹಾಕಿ. ಇಲ್ಲದಿದ್ದರೆ ಐದನೇ ಸಿಂಫನಿಯ ಆ ಸಿಡಿತವೇ ತುಂಡಾಗುತ್ತದೆ. ಪ್ರತಿ ಟ್ರ್ಯಾಕ್‌ನ ವಾಲ್ಯೂಮ್ ಸಮ ಮಾಡುವ ಸೆಟ್ಟಿಂಗ್ ಬೇಡ, ಮೆಲ್ಲಗಿನ ಭಾಗವೂ ಜೋರಿನ ಭಾಗವೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ.

ಫುರ್ಟ್‌ವೆಂಗ್ಲರ್ 1951ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ನಡೆಸಿದ ಬೀಥೋವನ್‌ನ ಒಂಬತ್ತನೇ ಸಿಂಫನಿಯನ್ನು ಎಲ್ಲರೂ ಹೊಗಳುತ್ತಾರೆ, ಸರಿಯೇ. ಆದರೆ ಅದು ಮೋನೋ, ಅಂದರೆ ಎಡ-ಬಲ ಅಂತ ಬೇರೆಯಾಗದ ಒಂದೇ ಧ್ವನಿ. ಈಗಲೇ ಬೇಡ, ಕೃತಿ ಪರಿಚಯವಾದ ಮೇಲೆ ಕೇಳಿ.

ಹೊಸದೇ ಬೇಕು ಅಂದರೆ ಮೋಟ್ಸಾರ್ಟ್‌ನ 38ರಿಂದ 41ರವರೆಗಿನ ಸಿಂಫನಿಗಳಿಂದ ಶುರು ಮಾಡಿ. ಚಾರ್ಲ್ಸ್ ಮ್ಯಾಕೆರಸ್ ಸ್ಕಾಟಿಷ್ ಚೇಂಬರ್ ಆರ್ಕೆಸ್ಟ್ರಾ ಜೊತೆ ಮಾಡಿದ್ದು, 2008ರಲ್ಲಿ ಲಿನ್ ಕಂಪನಿಯಿಂದ ಬಂತು. ಆರ್ಕೆಸ್ಟ್ರಾ ಚಿಕ್ಕದು, ಕೋಣೆಗೆ ಹೊಂದುತ್ತದೆ. ವಾಲ್ಯೂಮ್ ಗುಂಡಿಯನ್ನು ಪದೇಪದೇ ಮುಟ್ಟಬೇಕಾಗುವುದಿಲ್ಲ.