ದೂರದಿಂದ ಗೋಲಿಗೆ ಹೊಡೆಯುವುದು ಏಕೆ ಕಡಿಮೆಯಾಯಿತು?

ಫುಟ್‌ಬಾಲ್‌ನಲ್ಲಿ ಇಂಗ್ಲೆಂಡಿನ ಮಿಡ್‌ಫೀಲ್ಡರ್‌ಗಳಾದ (ಮೈದಾನದ ನಡುಭಾಗದ ಆಟಗಾರರು) ಜೆರಾರ್ಡ್, ಲ್ಯಾಂಪಾರ್ಡ್, ಸ್ಕೋಲ್ಸ್ ಅವರ ಕಾಲದಲ್ಲಿ ಇಪ್ಪತ್ತೈದು-ಮೂವತ್ತು ಮೀಟರ್ ದೂರದಿಂದ ಚೆಂಡು ಬಲೆಗೆ ಅಪ್ಪಳಿಸುವುದನ್ನು ಆಗಾಗ ನೋಡುತ್ತಿದ್ದೆವು, ಈಗಿನ ಮಿಡ್‌ಫೀಲ್ಡರ್‌ಗಳು ಅದೇ ಜಾಗದಲ್ಲಿ ಚೆಂಡನ್ನು ಪಕ್ಕಕ್ಕೆ ದಾಟಿಸಿ ಸುಮ್ಮನಾಗುತ್ತಾರೆ, ಅವರಿಗೆ ಧೈರ್ಯ ಕಡಿಮೆಯಾಗಿದೆಯೇ ಎಂದು ನೀವು ಕೇಳಿದ್ದೀರಿ. ಧೈರ್ಯದ ಕೊರತೆ ಇದಕ್ಕೆ ಕಾರಣವಲ್ಲ ಎಂಬುದು ನನ್ನ ಅಭಿಪ್ರಾಯ. ಹೊಡೆಯಬೇಡಿ ಎಂದು ಅವರಿಗೆ ಲೆಕ್ಕ ಸಮೇತ ಕಲಿಸಲಾಗಿದೆ. ಆ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇದೆ, ಆದರೆ ಪೂರ್ತಿಯಾಗಿ ಅಲ್ಲ.

ನಿಮ್ಮ ಗಮನಕ್ಕೆ ಬಂದಿರುವ ಬದಲಾವಣೆ ಕೇವಲ ಹಳೆಯ ಕಾಲದ ಮೇಲಿನ ಮೋಹವಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಗೋಲಿನತ್ತ ಬರುತ್ತಿದ್ದ ಹೊಡೆತಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪೆನಾಲ್ಟಿ ಬಾಕ್ಸ್‌ನ, ಅಂದರೆ ಗೋಲಿನ ಮುಂದಿನ ದೊಡ್ಡ ಆಯತದ, ಹೊರಗಿನವು. ಈಚಿನ ಋತುಗಳಲ್ಲಿ ಆ ಪ್ರಮಾಣ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿದೆ. ಯುರೋಪಿನ ಇತರ ದೊಡ್ಡ ಲೀಗ್‌ಗಳಲ್ಲಿಯೂ ಇಳಿಕೆಯ ದಿಕ್ಕು ಇದೇ.

ಮೂಲಕಾರಣ ಸರಳವಾದ ರೇಖಾಗಣಿತ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಹನ್ನೊಂದು ಮೀಟರ್ ದೂರದ ಪೆನಾಲ್ಟಿ ಬಿಂದುವಿನಲ್ಲಿ ನಿಂತವನಿಗೆ ಎರಡು ಕಂಬಗಳ ನಡುವೆ ಸುಮಾರು 37 ಡಿಗ್ರಿಯ ಕೋನ ಸಿಗುತ್ತದೆ. ನೇರ ಎದುರಿನಲ್ಲೇ ಗೋಲಿನಿಂದ ಇಪ್ಪತ್ತೈದು ಮೀಟರ್ ದೂರಕ್ಕೆ ಹೋದರೆ ಅದು 17 ಡಿಗ್ರಿಗಿಂತ ಕಡಿಮೆಯಾಗುತ್ತದೆ. ಸಮಯದ ವಿಷಯವೂ ಹೀಗೆಯೇ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು ಹನ್ನೊಂದು ಮೀಟರ್ ದಾಟಲು 0.4 ಸೆಕೆಂಡು ಸಾಕು, ಆದರೆ ಇಪ್ಪತ್ತೈದು ಮೀಟರಿಗೆ, ಗಾಳಿಯ ತಡೆಯನ್ನು ಬಿಟ್ಟರೂ, 0.9 ಸೆಕೆಂಡು ಬೇಕು. ಈ ಅರ್ಧ ಸೆಕೆಂಡಿನಲ್ಲಿ ಒಳ್ಳೆಯ ಗೋಲ್‌ಕೀಪರ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಪೂರ್ತಿ ಮೈಚಾಚಿ ಹಾರಬಲ್ಲ. ಇದಲ್ಲದೆ ಚೆಂಡಿನ ದಾರಿಯಲ್ಲಿ ಮೂರು-ನಾಲ್ಕು ಜನ ಡಿಫೆಂಡರ್‌ಗಳ ಕಾಲುಗಳೂ ಇರುತ್ತವೆ.

ಇದು ಆಟ ಬಲ್ಲವರಿಗೆ ಹಿಂದೆಯೂ ಗೊತ್ತಿತ್ತು. ಆದರೆ ಗೊತ್ತಿದ್ದದ್ದಕ್ಕೆ ಒಂದು ಅಂಕಿ ಅಂಟಿಕೊಂಡದ್ದು ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲಿನ ಲೆಕ್ಕ ಬಂದ ಮೇಲೆ. ದೂರ, ಕೋನ, ಹೊಡೆದದ್ದು ಕಾಲಿನಿಂದಲೋ ತಲೆಯಿಂದಲೋ ಎಂಬಂಥ ವಿವರಗಳನ್ನು ಹಿಂದಿನ ಸಾವಿರಾರು ಹೊಡೆತಗಳೊಂದಿಗೆ ಹೋಲಿಸಿ, ಈ ಹೊಡೆತ ಗೋಲಾಗುವ ಸಂಭವ ಎಷ್ಟು ಎಂದು ಅದು ಹೇಳುತ್ತದೆ. ಪೆನಾಲ್ಟಿ ಕಿಕ್‌ಗೆ ಈ ಸಂಭವ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು. ಬಾಕ್ಸ್‌ನ ಹೊರಗಿನಿಂದ ಬರುವ ಸಾಮಾನ್ಯ ಹೊಡೆತಕ್ಕೆ ನೂರಕ್ಕೆ ಮೂರು-ನಾಲ್ಕು ಮಾತ್ರ. ಅಂದರೆ ಒಂದು ಗೋಲು ಸಿಗಬೇಕಾದರೆ ಸರಾಸರಿ ಇಪ್ಪತ್ತೈದರಿಂದ ಮೂವತ್ತಮೂರು ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ದೂರದಿಂದ ಹಾಕಿದವನಿಗೆ ಎರಡರ ಬದಲು ಮೂರು ಅಂಕ ಸಿಗುವುದರಿಂದ ಇದೇ ಬಗೆಯ ಲೆಕ್ಕಾಚಾರ ಅಲ್ಲಿನ ಆಟಗಾರರನ್ನು ಬುಟ್ಟಿಯಿಂದ ದೂರಕ್ಕೆ ಕಳುಹಿಸಿತು. ಫುಟ್‌ಬಾಲ್‌ನಲ್ಲಿ ದೂರಕ್ಕೆ ಬಹುಮಾನವಿಲ್ಲವಾದ್ದರಿಂದ ಎಲ್ಲರನ್ನೂ ಗೋಲಿನ ಹತ್ತಿರಕ್ಕೆ ತಂದಿತು.

ಎಲ್ಲದಕ್ಕೂ ಅಂಕಿಅಂಶ ತಜ್ಞರನ್ನೇ ದೂರುವುದೂ ನ್ಯಾಯವಲ್ಲ. ಕೋಚ್ ಗ್ವಾರ್ಡಿಯೋಲಾ ಅವರ ಬಾರ್ಸಿಲೋನಾ ತಂಡ 2008ರ ನಂತರ ಗೆದ್ದ ರೀತಿಯನ್ನು ನೋಡಿ, ಚೆಂಡನ್ನು ಕೈಬಿಡದೆ ಇನ್ನೂ ಒಳ್ಳೆಯ ಅವಕಾಶಕ್ಕಾಗಿ ಕಾಯುವುದೇ ಜಾಣತನ ಎಂದು ಕೋಚ್‌ಗಳ ಒಂದು ತಲೆಮಾರೇ ನಂಬಿತು. ಇಪ್ಪತ್ತೈದು ಮೀಟರಿನಲ್ಲಿ ಹೊಡೆದ ಚೆಂಡು ಡಿಫೆಂಡರ್‌ನ ಕಾಲಿಗೆ ಬಡಿದು ಹಿಂದಕ್ಕೆ ಚಿಮ್ಮಿದರೆ, ಆಕ್ರಮಣಕ್ಕೆಂದು ಚದುರಿ ನಿಂತ ನಮ್ಮ ತಂಡದ ಬೆನ್ನ ಹಿಂದೆ ಎದುರಾಳಿ ಓಡಲು ಬಯಲು ಸಿಗುತ್ತದೆ ಎಂಬ ಭಯವೂ ಇದೆ. ಆ ಭಯಕ್ಕೆ ಆಧಾರವೂ ಇದೆ.

ಈ ಮನೋಭಾವ ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದಕ್ಕೆ 2019ರ ಮೇ 6ರಂದು ನಡೆದ ಮ್ಯಾಂಚೆಸ್ಟರ್ ಸಿಟಿ ಮತ್ತು ಲೆಸ್ಟರ್ ಸಿಟಿ ನಡುವಿನ ಪಂದ್ಯ ಸಾಕ್ಷಿ. ಲಿವರ್‌ಪೂಲ್ ಜೊತೆ ಪ್ರಶಸ್ತಿಗಾಗಿ ತುರುಸಿನ ಪೈಪೋಟಿ, ಎಪ್ಪತ್ತನೇ ನಿಮಿಷದವರೆಗೂ ಗೋಲಿಲ್ಲ, ಲೆಸ್ಟರ್ ತಂಡ ತನ್ನ ಬಾಕ್ಸ್‌ನ ಮುಂದೆ ಒತ್ತಾಗಿ ನಿಂತಿತ್ತು. ಆಗ ಸಿಟಿಯ ಡಿಫೆಂಡರ್ ವಿನ್ಸೆಂಟ್ ಕೊಂಪನಿ ಚೆಂಡಿನೊಂದಿಗೆ ಮುಂದೆ ಬಂದರು, ಯಾರೂ ಅವರ ಮೇಲೆ ಬೀಳಲಿಲ್ಲ. ಹೊಡೆಯಬೇಡ ಎಂದು ಸುತ್ತಲಿಂದ ಕೂಗುತ್ತಿದ್ದುದು ತಮಗೆ ಕೇಳಿಸುತ್ತಿತ್ತು ಎಂದು ಅವರೇ ಆಮೇಲೆ ಹೇಳಿಕೊಂಡರು. ಅವರು ಹೊಡೆದರು, ಚೆಂಡು ಲೆಸ್ಟರ್‌ನ ಗೋಲ್‌ಕೀಪರ್ ಕ್ಯಾಸ್ಪರ್ ಷ್ಮೈಕಲ್ ಅವರ ಕೈಗೆ ಸಿಗದಂತೆ ಗೋಲಿನ ಮೇಲಿನ ಮೂಲೆಗೆ ಹೋಯಿತು. ಸಿಟಿ ಆ ಪಂದ್ಯವನ್ನು 1-0ಯಿಂದ ಗೆದ್ದು, ಋತುವಿನ ಕೊನೆಯಲ್ಲಿ ಲಿವರ್‌ಪೂಲ್‌ನ 97 ಅಂಕಗಳ ಎದುರು 98 ಅಂಕ ಪಡೆದು ಪ್ರಶಸ್ತಿಯನ್ನೂ ಗೆದ್ದಿತು.

ಒಂದು ಗೋಲಿನಿಂದ ಲೆಕ್ಕ ಸುಳ್ಳಾಗುವುದಿಲ್ಲ, ನಿಜ. ಆದರೆ ಅಲ್ಲಿ ಯಾರೂ ಕೊಂಪನಿಯನ್ನು ತಡೆಯಲು ಮುಂದೆ ಬರಲಿಲ್ಲ ಎಂಬುದನ್ನು ಗಮನಿಸಿ. ನನ್ನ ತಕರಾರು ಇರುವುದು ಇಲ್ಲಿಯೇ. ನೂರಕ್ಕೆ ಮೂರು-ನಾಲ್ಕು ಎಂಬುದು ಸರಾಸರಿ. ಅದರಲ್ಲಿ ಬೇರೆ ದಾರಿ ಕಾಣದೆ ಎಡಗಾಲಿನಿಂದ ಹೇಗೋ ಒದ್ದದ್ದೂ ಸೇರಿದೆ, ಜಾಗ ಸಿಕ್ಕು, ಸಮತೋಲನದಲ್ಲಿ ನಿಂತು, ಡಿ ಬ್ರೂಯ್ನ ಅಥವಾ ವಾಲ್ವೆರ್ಡೆಯಂಥ ಮಿಡ್‌ಫೀಲ್ಡರ್‌ಗಳು ಗುರಿಯಿಟ್ಟು ಹೊಡೆದದ್ದೂ ಸೇರಿದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎರಡನ್ನೂ ನಿಷೇಧಿಸುವುದು ಸೋಮಾರಿ ತರಬೇತಿ. ಹೊಡೆಯುವ ಬದಲು ಏನು ಮಾಡುತ್ತೇವೆ ಎಂಬುದನ್ನೂ ಕೇಳಬೇಕು. ಹತ್ತು ಜನ ಬಾಕ್ಸ್‌ನ ಸುತ್ತ ಕೋಟೆ ಕಟ್ಟಿ ನಿಂತಿರುವಾಗ ಪಕ್ಕಕ್ಕೆ ದಾಟಿಸಿದ ಚೆಂಡು ಕೊನೆಗೆ ಗೋಲಾಗುವ ಸಂಭವವೂ ನೂರಕ್ಕೆ ಹತ್ತು-ಇಪ್ಪತ್ತೇನೂ ಅಲ್ಲ. ಬಹಳಷ್ಟು ಸಲ ಆ ಆಕ್ರಮಣ ಒಂದು ಹೊಡೆತವೂ ಇಲ್ಲದೆ ಮುಗಿಯುತ್ತದೆ. ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ತುಲನೆಯನ್ನು ಮಾಡಿ, ಕೆಲವು ಜಾಗಗಳಿಂದ ತಂಡಗಳು ಈಗಿನದಕ್ಕಿಂತ ಹೆಚ್ಚಾಗಿ ಹೊಡೆದರೆ ಅವುಗಳಿಗೆ ಲಾಭವೇ ಆಗಬಹುದು ಎಂಬ ತೀರ್ಮಾನಕ್ಕೆ ಬಂದಿತು. ಹೊಡೆತ ಡಿಫೆಂಡರ್‌ಗೆ ತಗುಲಿ ಕಾರ್ನರ್ ಸಿಗುವುದು, ಕೀಪರ್ ತಳ್ಳಿದ ಚೆಂಡು ನಮ್ಮ ಸ್ಟ್ರೈಕರ್‌ನ ಕಾಲಿಗೆ ಬರುವುದು, ಇವು ಮೊದಲ ಹೊಡೆತದ ಎಕ್ಸ್‌ಜಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು ಬೆದರಿಕೆಯ ಬೆಲೆ. ಇವನು ಹೊಡೆದೇ ಹೊಡೆಯುತ್ತಾನೆ ಎಂದು ಗೊತ್ತಿದ್ದರೆ ಡಿಫೆಂಡರ್ ತನ್ನ ಸಾಲು ಬಿಟ್ಟು ಮುಂದೆ ಬರಲೇಬೇಕು, ಬಂದರೆ ಅವನ ಹಿಂದೆ ಜಾಗ ತೆರೆಯುತ್ತದೆ, ಆ ಜಾಗಕ್ಕೆ ಪಾಸ್ ಹೋಗುತ್ತದೆ. ಯಾರೂ ಹೊಡೆಯುವುದಿಲ್ಲ ಎಂದು ಖಚಿತವಾದರೆ ಕೋಟೆ ಕಟ್ಟಿದವರಿಗೆ ಹೊರಗೆ ಬರುವ ಅಗತ್ಯವೇ ಇರುವುದಿಲ್ಲ. ಹೊಡೆತವನ್ನು ಕಡಿಮೆ ಮಾಡಿದವರು ಒಳಗಿನ ದಾರಿಯನ್ನೂ ಸ್ವಲ್ಪ ಕಿರಿದು ಮಾಡಿಕೊಂಡಿದ್ದಾರೆ ಎಂದು ನನಗೆ ಅನಿಸುತ್ತದೆ.

ಅಂದಹಾಗೆ, ತೀರಾ ದೂರದ ಹೊಡೆತಕ್ಕೆ ಮಾತ್ರ ಇಂದಿನ ಆಟ ಒಂದು ಹೊಸ ಬಾಗಿಲು ತೆರೆದಿದೆ. ಕೀಪರ್‌ಗಳು ಈಗ ಗೋಲು ಬಿಟ್ಟು ಬಹಳ ಮುಂದೆ ನಿಲ್ಲುತ್ತಾರೆ. 2021ರ ಜೂನ್‌ನಲ್ಲಿ, ಯೂರೋ ಕಪ್‌ನಲ್ಲಿ, ಜೆಕ್ ಆಟಗಾರ ಪ್ಯಾಟ್ರಿಕ್ ಶಿಕ್ ಸ್ಕಾಟ್ಲೆಂಡಿನ ಎದುರು 45 ಮೀಟರಿಗೂ ಹೆಚ್ಚು ದೂರದಿಂದ ಚೆಂಡನ್ನು ಕೀಪರ್ ತಲೆಯ ಮೇಲಿಂದ ಬಾಗಿಸಿ ಬಲೆಗೆ ಸೇರಿಸಿದ್ದು ಅದಕ್ಕಾಗಿಯೇ.

ಮುಂದೇನು ಎಂದರೆ, ಅರ್ಧದಷ್ಟು ಹೊಡೆತ ಹೊರಗಿನಿಂದ ಬರುತ್ತಿದ್ದ ಕಾಲ ಮರಳಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವುಗಳಲ್ಲಿ ಹೆಚ್ಚಿನವು ಪ್ರೇಕ್ಷಕರ ಗ್ಯಾಲರಿಗೆ ಹೋಗಿ ಬೀಳುತ್ತಿದ್ದವು, ನಮ್ಮ ನೆನಪಿನಲ್ಲಿ ಉಳಿದಿರುವುದು ಗೋಲಾದವು ಮಾತ್ರ. ಆದರೆ ಪ್ರತಿ ತಂಡದಲ್ಲಿ ಒಬ್ಬಿಬ್ಬರಿಗಾದರೂ, ಎದುರಿಗೆ ಎರಡು ಮೀಟರ್ ಜಾಗ ಸಿಕ್ಕಾಗ ಯಾರನ್ನೂ ಕೇಳದೆ ಹೊಡೆಯುವ ಅನುಮತಿ ಇರಬೇಕು, ಮತ್ತು ಅಭ್ಯಾಸದ ವೇಳೆಯಲ್ಲಿ ಅದಕ್ಕೆಂದೇ ಸಮಯ ಮೀಸಲಿಡಬೇಕು.